ನೀರು ಬೆರೆಸದ ಕೆಮ್ಮಿನ ಔಷಧಿ

ಕೆಮ್ಮಿನ ಔಷಧಿಗೆ ನೀರು ಬೆರೆಸುವುದು ಮೋಸವಲ್ಲ, ಅದೇ ಸರಿಯಾದ ಕ್ರಮ ಎಂದು ಚಿಂತಾಮಣಿ ಊರಿನ ಟೊಮೇಟೊ ಮಂಡಿಯವರನ್ನು ಒಪ್ಪಿಸಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಅವರನ್ನು ಒಪ್ಪಿಸುವ ಬದಲು ಒಂದು ದಿನ ನಾನೇ ಅವರ ಮಾತಿಗೆ ಒಪ್ಪಿಬಿಟ್ಟೆ. ಅದರಿಂದ ಒಬ್ಬ ಮನುಷ್ಯನ ಉಸಿರು ನಿಲ್ಲುವ ಹಂತಕ್ಕೆ ಬಂತು. ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಮೂವತ್ತೈದರ ಆಸುಪಾಸು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಬ್ಬ ಡಾಕ್ಟರಮ್ಮನವರ ಶಾಪಿನಲ್ಲಿ ನಾನು ಕಾಂಪೌಂಡರ್. ಮುಂದೆ ರೋಗಿಗಳು ಕೂರುವ ಬೆಂಚು, ಪಕ್ಕದಲ್ಲಿ ನಾನು ಔಷಧಿ ಕೊಡುವ ಕಿಟಕಿ, ಹಿಂದೆ ಎರಡು ಹಾಸಿಗೆಯ ಹೆರಿಗೆ ಕೋಣೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಔಷಧಿ ಬೆರೆಸುವುದನ್ನೆಲ್ಲ ಡಾಕ್ಟರಮ್ಮನವರೇ ಕಲಿಸಿದ್ದು.

ಆಗ ಕೆಮ್ಮಿನ ಔಷಧಿಯನ್ನು ಶಾಪಿನಲ್ಲೇ ತಯಾರಿಸುತ್ತಿದ್ದೆವು. ಅದರ ಮೂಲ ಒಂದು ದೊಡ್ಡ ಕಂದು ಬಾಟಲಿಯಲ್ಲಿರುತ್ತಿತ್ತು. ಅಫೀಮಿನಿಂದ ಬರುವ ಕೋಡೀನ್, ಸಕ್ಕರೆ ಪಾಕ, ವಾಸನೆಗೆ ಸೋಂಪಿನ ಎಣ್ಣೆ. ವಾರಕ್ಕೊಮ್ಮೆ ಡಾಕ್ಟರಮ್ಮ ಎದುರಿಗೆ ನಿಂತು, ತೂಕ ಹಾಕಿಸಿ ಅದನ್ನು ಮಾಡಿಸುತ್ತಿದ್ದರು. ರೋಗಿಗೆ ಕೊಡುವಾಗ ಅದು ಒಂದು ಪಾಲು, ಕಾಯಿಸಿ ಆರಿಸಿದ ನೀರು ಏಳು ಪಾಲು. ಬಾಟಲಿಯನ್ನು ರೋಗಿಗಳೇ ಮನೆಯಿಂದ ತರುತ್ತಿದ್ದರು. ಔಷಧಿ ತುಂಬಿದ ಮೇಲೆ ನಾನು ಬಿಳಿ ಕಾಗದದ ಪಟ್ಟಿಯನ್ನು ಮಡಚಿ, ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ, ಬಿಡಿಸಿ, ಗೋಂದು ಸವರಿ ಬಾಟಲಿಯ ಮೈಗೆ ಅಂಟಿಸುತ್ತಿದ್ದೆ. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ನನ್ನ ಪಟ್ಟಿಯ ಕಚ್ಚುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರುವುದಿಲ್ಲ ಎಂದು ನನಗೆ ಒಳಗೊಳಗೇ ಜಂಬ.

ಮಂಡಿಯಲ್ಲಿ ಟೊಮೇಟೊ ಹರಾಜು ಕೂಗುವ ಯಜಮಾನರೊಬ್ಬರು ಚಳಿಗಾಲ ಬಂತೆಂದರೆ ಕೆಮ್ಮು ಹೊತ್ತು ನಮ್ಮಲ್ಲಿಗೆ ಬರುತ್ತಿದ್ದರು. ಅರವತ್ತು ದಾಟಿದ್ದರು. ಅವರದು ಕುಲುಮೆ ಕೆಲಸದ ಮನೆತನ. ಇವರಿಗೆ ಮಾತ್ರ ಗಂಟಲು ದೊಡ್ಡದಾಗಿದ್ದರಿಂದ ಸುತ್ತಿಗೆ ಬಿಟ್ಟು ಮಂಡಿ ಸೇರಿದ್ದರು. ಅವರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಹರಾಜು ಮೂರು ಬೀದಿಯಾಚೆಗೂ ಕೇಳುತ್ತಿತ್ತು. ಆ ಸಂಜೆ ಅವರು ಬಾಟಲಿಯನ್ನು ಕಿಟಕಿಯ ಮೇಲೆ ಟಕ್ಕೆಂದು ಇಟ್ಟರು.

“ಏನ್ ಕಾಂಪೌಂಡ್ರೇ, ಹೋದ್ಸಲ ಕೊಟ್ಟಿದ್ದು ಔಷಧೀನಾ, ಕೆರೆ ನೀರಾ?”

“ಔಷಧೀನೇ ಯಜಮಾನ್ರೆ. ನೀವು ಕುಡಿದ್ರಾ, ಗಿಡಕ್ಕೆ ಹಾಕಿದ್ರಾ?”

“ಗಿಡಕ್ಕೆ ಹಾಕಿದ್ರೆ ಗಿಡಾನೂ ಬೈತಿತ್ತು. ನಮ್ಮ ಬೀದಿ ಹಾಲಿನೋನೇ ವಾಸಿ ಕಣಯ್ಯ. ಅವನ ಚೊಂಬಲ್ಲಿ ಅರ್ಧ ಆದ್ರೂ ಹಾಲಿರ್ತದೆ. ನೀನು ಬರೀ ಬಣ್ಣ ತೋರಿಸಿ ಕಳಿಸ್ತೀಯ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ಅವರು ದನಿ ತಗ್ಗಿಸಿ, “ತಮಾಷೆ ಅಲ್ಲಪ್ಪ. ನಾಳೆ ಮಾಲು ಜಾಸ್ತಿ ಬತ್ತದೆ. ನಡುವೆ ಕೆಮ್ಮು ಹತ್ತಿದ್ರೆ ನನ್ನ ಜಾಗಕ್ಕೆ ಇನ್ನೊಬ್ಬನ್ನ ನಿಲ್ಲಿಸ್ತಾರೆ. ಗಟ್ಟೀದು ಏನಾನ ಕೊಡು” ಅಂದರು.

“ಗಟ್ಟೀದು ತಾನೆ? ಕೊಡ್ತೀನಿ ಬನ್ನಿ” ಎಂದು ಕಂದು ಬಾಟಲಿಯನ್ನೇ ಕೆಳಗಿಳಿಸಿದೆ. ಅವರ ಬಾಟಲಿಗೆ ಕತ್ತಿನವರೆಗೂ ಅದನ್ನೇ ಸುರಿದೆ. ಒಂದು ಹನಿ ನೀರು ಹಾಕಲಿಲ್ಲ. ಆರು ಹೊತ್ತಿನ ಪಟ್ಟಿಯನ್ನು ಎಂದಿನಂತೆ ಕತ್ತರಿಸಿ ಅಂಟಿಸಿದೆ. ಬಾಟಲಿಯನ್ನು ಬೆಳಕಿಗೆ ಹಿಡಿದ ಅವರ ಮುಖ ಅರಳಿತು. “ಇದು ಔಷಧಿ” ಎಂದು ಬೆಂಚಿನವರಿಗೆಲ್ಲ ತೋರಿಸಿಕೊಂಡು ಹೋದರು.

“ಸ್ವಲ್ಪ ಸ್ವಲ್ಪ ಕುಡೀರಿ ಎಂದು ನಾನು ಹೇಳಿದ್ದೆ” ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳಿರಲಿಲ್ಲ. ಹೊಗಳಿಸಿಕೊಳ್ಳುವ ಖುಷಿಯಲ್ಲಿ ಮರೆತಿದ್ದೆ.

ಮಾರನೆಯ ಬೆಳಗ್ಗೆ ಒಂಬತ್ತೂವರೆಗೆ ಅವರು ಟೊಮೇಟೊ ಮಂಕರಿ ಸಾಗಿಸುವ ತಳ್ಳುಗಾಡಿಯಲ್ಲಿ ಬಂದರು. ಗಾಡಿಯನ್ನು ತಳ್ಳಿಕೊಂಡು ಬಂದವನು ಅವರ ಹೆಂಡತಿಯ ತಮ್ಮ. ಮಂಡಿಯ ಹಿಂದೆಯೇ ಕುಲುಮೆ ಇಟ್ಟುಕೊಂಡು ಕುಡುಗೋಲು ತಟ್ಟುತ್ತಿದ್ದ ಕಮ್ಮಾರ. “ಹರಾಜು ಕೂಗ್ತಾ ಕೂಗ್ತಾ ಮಂಕರಿ ಮೇಲೆ ಒರಗ್ಬಿಟ್ರು ಅಮ್ಮಾ. ನಿದ್ದೆ ಮಾಡ್ತಾವ್ರೆ ಅಂದ್ಕೊಂಡ್ವಿ. ಗೊರಕೆ ಬೇರೆ ಹೊಡೀತಿದ್ರು” ಅಂದ.

ಡಾಕ್ಟರಮ್ಮ ಅವರನ್ನು ಹೆರಿಗೆ ಕೋಣೆಯ ಹಾಸಿಗೆಗೆ ಹಾಕಿಸಿದರು. ತುಟಿ, ಉಗುರು ನೇರಳೆ ಬಣ್ಣಕ್ಕೆ ತಿರುಗಿದ್ದವು. ನನ್ನನ್ನು ಉಸಿರು ಎಣಿಸಲು ಹೇಳಿದರು. ನಿಮಿಷಕ್ಕೆ ನಾಲ್ಕು. ಒಂದು ಉಸಿರು ಬಂದು ಹೋದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಿತ್ತು. ನಾಡಿ ನಿಧಾನ, ರಕ್ತದ ಒತ್ತಡ ಕಡಿಮೆ. ರೆಪ್ಪೆ ಎತ್ತಿ ಟಾರ್ಚು ಬಿಟ್ಟರೆ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಚಿಕ್ಕದು.

ಆ ಕಣ್ಣು ನೋಡಿದ ಕೂಡಲೇ ನಮ್ಮ ಸೀಮೆಯ ಯಾವ ಡಾಕ್ಟರಿಗಾದರೂ ಮೊದಲು ನೆನಪಾಗುವುದು ಬೆಳೆಗೆ ಹೊಡೆಯುವ ಔಷಧಿ. ಅದನ್ನು ಕುಡಿದವರಿಗೂ ಪಾಪೆ ಹೀಗೇ ಕುಗ್ಗುತ್ತದೆ. ಡಾಕ್ಟರಮ್ಮ ಬಗ್ಗಿ ಬಾಯಿ ಮೂಸಿದರು. “ಆ ವಾಸನೆ ಇಲ್ಲ. ಬೆವರಿಲ್ಲ, ಜೊಲ್ಲಿಲ್ಲ, ಮೈ ಅದುರ್ತಾ ಇಲ್ಲ. ಕಣ್ಣು ಮಾತ್ರ ಹಾಗಿದೆ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ನಾನು ಬಾಯಿ ಒರೆಸಲು ಬಗ್ಗಿದೆ. ಸೋಂಪಿನ ವಾಸನೆ ಬಂತು. ನಾನೇ ಅಳೆದು ಹಾಕುವ ಎಣ್ಣೆಯ ವಾಸನೆ. ನನಗೆ ಎಲ್ಲವೂ ತಿಳಿಯಿತು. ಗೋಡೆಯ ಗಡಿಯಾರ ಒಂಬತ್ತು ನಲವತ್ತು ತೋರಿಸುತ್ತಿತ್ತು.

ನಾನು ಏನೂ ಹೇಳಲಿಲ್ಲ. ಹತ್ತಿ ತಂದೆ. ಆಮ್ಲಜನಕದ ಸಿಲಿಂಡರ್ ಉರುಳಿಸಿ ತಂದೆ. ವಿಷಕ್ಕೆ ಕೊಡುವ ಅಟ್ರೋಪಿನ್ ಚುಚ್ಚುಮದ್ದನ್ನು ಸಿರಿಂಜಿಗೆ ಎಳೆದುಕೊಟ್ಟೆ. ಕೋಲಾರದ ದೊಡ್ಡ ಆಸ್ಪತ್ರೆಗೆ ಸಾಗಿಸಲು ಜೀಪು ಹೇಳಿಕಳಿಸಿದೆ. ಇಷ್ಟು ಚುರುಕಾಗಿ ನಾನು ಯಾವತ್ತೂ ಕೆಲಸ ಮಾಡಿದವನಲ್ಲ. ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ.

ಅಷ್ಟರಲ್ಲಿ ಯಜಮಾನರ ಹೆಂಡತಿ ಬಂದರು. ಬಟ್ಟೆ ಒಗೆಯುತ್ತಿದ್ದವರು ಹಾಗೇ ಓಡಿಬಂದಿದ್ದರು, ಮೊಣಕೈವರೆಗೂ ಸೋಪಿನ ನೊರೆ. ಡಾಕ್ಟರಮ್ಮ ಕೇಳಿದರು, “ಮನೇಲಿ ಏನಾದ್ರೂ ಜಗಳ ಆಯ್ತೇನಮ್ಮಾ? ಬೆಳೆ ಔಷಧಿ ಏನಾದ್ರೂ ಇಟ್ಟಿದ್ರಾ?”

ಆಕೆ ಅಲ್ಲೇ ಕುಸಿದು ಕೂತರು. “ರಾತ್ರಿಯೆಲ್ಲಾ ಕೆಮ್ಮಿದ್ರು ತಾಯಿ. ಬಾಟ್ಲಿ ಇಟ್ಕೊಂಡೂ ಕುಡೀಲಿಲ್ಲ, ಬೆಳಗ್ಗೆ ಹರಾಜಿಗೆ ಬೇಕು ಅಂತ. ನಂಗೆ ನಿದ್ದೆ ಇಲ್ಲ. ಸಿಟ್ಟಲ್ಲಿ ಅಂದ್ಬಿಟ್ಟೆ, ನಿನ್ನ ಕೆಮ್ಮು ಒಂದ್ಸಲ ನಿಂತೋಗ್ಬಾರ್ದಾ ಅಂತ. ಅದನ್ನ ಮನಸ್ಸಿಗೆ ಹಚ್ಕೊಂಡು ಏನೋ ಕುಡ್ಕೊಂಡವ್ರೆ. ನನ್ ಬಾಯಿಗೆ ಬೆಂಕಿ ಹಾಕ.”

ಆಗಲೂ ನಾನು ಸುಮ್ಮನಿದ್ದೆ.

ಯಜಮಾನರ ಬಾಯಿಂದ ನೊರೆ ಬಂತು, ನಸುಗೆಂಪು ಬಣ್ಣದ್ದು. “ನೊರೆಯೂ ಬಂತು. ಹಾಗಾದರೆ ಅದೇ ವಿಷ” ಎಂದು ಡಾಕ್ಟರಮ್ಮ ಸಿರಿಂಜು ಎತ್ತಿಕೊಂಡರು. ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಯಜಮಾನರ ಹೆಂಡತಿ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳತೊಡಗಿದರು. ಸೋಪಿನ ಕೈ, ಪಟಪಟ ಸದ್ದು. ಅದನ್ನು ನೋಡಲಾಗಲಿಲ್ಲ. ಡಾಕ್ಟರಮ್ಮನ ಕಿವಿಯ ಹತ್ತಿರ ಹೋಗಿ ಹೇಳಿದೆ: “ಅಮ್ಮಾ, ಅದು ನಮ್ಮ ಕೆಮ್ಮಿನ ಔಷಧಿ. ನಾನು ನೀರು ಹಾಕಿರಲಿಲ್ಲ.”

ಗಡಿಯಾರದಲ್ಲಿ ಒಂಬತ್ತು ಐವತ್ತು.

ಅವರು ನನ್ನ ಮುಖ ನೋಡಿದ್ದು ಒಂದು ಕ್ಷಣ. ಬೈಯಲಿಲ್ಲ. ಸಿರಿಂಜನ್ನು ಟ್ರೇಗೆ ಇಟ್ಟರು. “ಬಾಟ್ಲಿ ತರಿಸು” ಅಂದರು. ಕಮ್ಮಾರ ಮಂಡಿಗೆ ಓಡಿ ತಂದ. ನನ್ನ ಪಟ್ಟಿ ಅಷ್ಟೇ ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು. ನಾಲ್ಕು ಕಚ್ಚು ಖಾಲಿ. ಮೊದಲ ಗುಟುಕಿಗೇ ಕೆಮ್ಮು ನಿಂತು ಗಂಟಲು ಗಂಟೆಯ ಹಾಗೆ ಆಯಿತಂತೆ. ಆ ಖುಷಿಗೆ ಗಂಟೆಗೊಂದರಂತೆ ಕುಡಿದಿದ್ದರು. ಒಂದೊಂದು ಕಚ್ಚೂ ಎಂಟು ಹೊತ್ತಿನ ಔಷಧಿ.

“ಜೀಪು ಬೇಡ. ದಾರೀಲಿ ಇವರಿಗೆ ಉಸಿರು ಕೊಡೋರು ಯಾರು? ಇಲ್ಲೇ ನೋಡೋಣ” ಎಂದು ಡಾಕ್ಟರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ನಾಲಿಗೆ ಹಿಂದಕ್ಕೆ ಬೀಳದಂತೆ ಬಾಯಿಯೊಳಗೆ ಒಂದು ಬಾಗಿದ ನಳಿಕೆ ಇಟ್ಟರು. ದವಡೆಯನ್ನು ಮೇಲಕ್ಕೆತ್ತಿ, ಮುಖಕ್ಕೆ ರಬ್ಬರ್ ಮಾಸ್ಕ್ ಒತ್ತಿ, ಅದಕ್ಕೆ ಜೋಡಿಸಿದ ಗಾಳಿಚೀಲವನ್ನು ಅಮುಕತೊಡಗಿದರು. ಸಿಲಿಂಡರಿನಿಂದ ಆಮ್ಲಜನಕ ಅದರೊಳಗೆ ಬರುತ್ತಿತ್ತು. ಚೀಲ ಅಮುಕಿದಾಗ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಹತ್ತು ನಿಮಿಷದಲ್ಲಿ ತುಟಿಯ ನೇರಳೆ ತಿಳಿಯಾಯಿತು.

ಅಮುಕುತ್ತಲೇ ನನಗೆ ಪಾಠ ಹೇಳಿದರು. “ಇವರ ಶ್ವಾಸಕೋಶ ಕೆಟ್ಟಿಲ್ಲ. ಉಸಿರು ಎಳಿ ಅಂತ ತಲೆಯೊಳಗೆ ಕೂತು ಹೇಳೋನೊಬ್ಬ ಇದಾನಲ್ಲ, ಅವನು ಮಲಗಿದಾನೆ. ಅಫೀಮು ಮೊದಲು ಮಲಗಿಸೋದು ಅವನನ್ನೇ. ಒಳಗೆ ಕೆಟ್ಟ ಗಾಳಿ ತುಂಬಿದ್ರೂ ಅವನಿಗೆ ಎಚ್ಚರ ಆಗಲ್ಲ. ಅವನು ಏಳೋವರೆಗೆ ಅವನ ಕೆಲಸ ನಾವು ಮಾಡಬೇಕು.”

“ಆ ನೊರೆ ಅಮ್ಮಾ?”

“ಉಸಿರು ಸಾಲದೆ ಶ್ವಾಸಕೋಶದ ಸಣ್ಣ ಸಣ್ಣ ರಕ್ತನಾಳ ಸೋರೋಕೆ ಶುರುವಾಗಿದೆ. ಕೇಳು.” ಸ್ಟೆಥಸ್ಕೋಪನ್ನು ನನ್ನ ಕಿವಿಗೆ ಇಟ್ಟರು. ಕಿವಿಯ ಹತ್ತಿರ ಕೂದಲನ್ನು ಬೆರಳ ನಡುವೆ ಉಜ್ಜಿದ ಹಾಗೆ ಚರಚರ ಸದ್ದು. “ಚೀಲದ ಗಾಳಿ ಒತ್ತಿದ ಹಾಗೆ ಅದೂ ಕಡಿಮೆ ಆಗತ್ತೆ.”

ಅಫೀಮಿನ ಜಾತಿಯ ಔಷಧಿಗೆ ಎದುರು ಮದ್ದು ಒಂದಿದೆ. ನಮ್ಮಲ್ಲಿ ಇದ್ದದ್ದು ಎರಡು ಪುಟ್ಟ ಆಂಪ್ಯೂಲು, ಅದೂ ಕೂಸುಗಳಿಗೆ. ಹೆರಿಗೆ ನೋವಿಗೆ ತಾಯಿಗೆ ಅದೇ ಜಾತಿಯ ಚುಚ್ಚುಮದ್ದು ಕೊಟ್ಟು ಕೂಸು ಮಂಕಾಗಿ ಹುಟ್ಟಿದರೆ ಇರಲಿ ಎಂದು ಇಟ್ಟಿದ್ದದ್ದು. ಡಾಕ್ಟರಮ್ಮ ಒಂದನ್ನು ಒಡೆದು ಯಜಮಾನರ ನರಕ್ಕೆ ಕೊಟ್ಟರು. ನಾವು ಉಸಿರು ಎಣಿಸುತ್ತ ಕೂತೆವು. ಆರು. ಎಂಟು. ಹತ್ತು. ರೆಪ್ಪೆ ಅಲುಗಿತು. ಮಾಸ್ಕ್ ಸರಿಸಿದರೆ ಒಣಗಿದ ದನಿಯಲ್ಲಿ ಹೊರಟಿತು:

“ಇಪ್ಪತ್ತೆರಡು ಒಂದ್ಸಾರಿ… ಇಪ್ಪತ್ತೆರಡು ರೆಂಡ್ಸಾರ್ಲು…”

ಬಾಗಿಲಲ್ಲಿ ಗುಂಪುಗೂಡಿದ್ದ ಮಂಡಿಯವರು ಹೋ ಎಂದು ನಕ್ಕರು. ಅವರ ಹೆಂಡತಿ ಅಳುವುದನ್ನು ನಿಲ್ಲಿಸಿ, “ಸಾಯೋ ಹೊತ್ತಲ್ಲೂ ಟೊಮೇಟೊ ನೋಡಿ” ಅಂದರು, ತಕ್ಷಣ ಬಾಯಿ ಮುಚ್ಚಿಕೊಂಡರು.

ಮೂರನೆಯ ಸಾರಿ ಬರಲೇ ಇಲ್ಲ. ಇಪ್ಪತ್ತು ನಿಮಿಷಕ್ಕೆ ಉಸಿರು ಮತ್ತೆ ನಾಲ್ಕಕ್ಕೆ ಇಳಿಯಿತು. ಇನ್ನೊಂದು ಆಂಪ್ಯೂಲನ್ನೂ ಕೊಟ್ಟರು, ಅದೂ ಅಷ್ಟೇ ಹೊತ್ತು. “ಎದುರು ಮದ್ದು ಬೇಗ ಇಳಿದುಹೋಗತ್ತೆ, ಅಫೀಮು ಕೂತೇ ಇರತ್ತೆ. ಇದು ಕೂಸಿನ ಅಳತೆ ಬೇರೆ” ಎಂದ ಡಾಕ್ಟರಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು ಪಕ್ಕದ ಅಂಗಡಿಯ ಫೋನಿಗೆ ಹೋದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಅವರ ಸ್ನೇಹಿತೆ. ಟ್ರಂಕ್ ಕಾಲ್ ಸಿಗಲು ಅರ್ಧ ಗಂಟೆ ಹಿಡಿಯಿತು. ಆ ಸ್ನೇಹಿತೆ ದೊಡ್ಡವರ ಅಳತೆಯ ಆಂಪ್ಯೂಲುಗಳನ್ನು ಚಿಂತಾಮಣಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ ಅಂದರಂತೆ. ಮಲ್ಲಿಗೆ ಹೂವಿನಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲವೂ ಬರುತ್ತಿದ್ದದ್ದು ಹಾಗೆಯೇ. ಬಸ್ಸು ಬರುವುದು ಎರಡು ಗಂಟೆಗೆ. ಆಗಿನ್ನೂ ಹನ್ನೊಂದೂಕಾಲು.

ಈ ಮಧ್ಯೆ ನಾನು ಚೀಲ ಅಮುಕುತ್ತಿದ್ದೆ. ಹೆದರಿಕೆಗೆ ಕೈ ಓಡುತ್ತಿತ್ತು. ವಾಪಸು ಬಂದ ಡಾಕ್ಟರಮ್ಮ, “ಏನು, ಸೈಕಲ್‌ಗೆ ಗಾಳಿ ಹೊಡೀತಿದೀಯಾ? ಅಷ್ಟು ಜೋರಾದ್ರೆ ಗಾಳಿ ಹೊಟ್ಟೆಗೆ ಹೋಗತ್ತೆ. ನಿಧಾನ, ಒಂದೇ ಸಮ” ಅಂದರು. ಒಂದೇ ಸಮ ಆಗಲಿಲ್ಲ. ಮಾಸ್ಕಿನ ಅಂಚಿನಿಂದ ಗಾಳಿ ಪುಸಪುಸ ಸೋರಿತು.

ಮೂಲೆಯಲ್ಲಿದ್ದ ಕಮ್ಮಾರ ಹತ್ತಿರ ಬಂದ. “ಅಮ್ಮಾ, ಇದು ಕುಲುಮೆಗೆ ಗಾಳಿ ಊದೋ ತಿದಿ ಇದ್ದಂಗೆ ತಾನೆ?”

“ಹೌದಪ್ಪ, ತಿದೀನೇ.”

“ಹಂಗಾದ್ರೆ ಕೊಡಿ ಇತ್ತ. ನಮ್ಮಪ್ಪ ನನ್ನ ತಿದಿ ಮುಂದೆ ಕೂರಿಸ್ದಾಗ ನಂಗೆ ಆರು ವರ್ಷ. ಬೆಂಕಿ ಆರೋ ಹಂಗಿಲ್ಲ, ಹಾರೋ ಹಂಗೂ ಇಲ್ಲ.”

ಕೈ ತೊಳೆದುಕೊಂಡು ಕೂತ. ಡಾಕ್ಟರಮ್ಮ ಮಾಸ್ಕ್ ಒತ್ತಿ ಹಿಡಿದರು, ಅವನು ಚೀಲ ಹಿಡಿದ. ಎದೆ ಎದ್ದಿತು, ಇಳಿಯಿತು. ಗಡಿಯಾರ ಇಟ್ಟು ನೋಡಿದೆ, ನಿಮಿಷಕ್ಕೆ ಹನ್ನೆರಡು. ಹತ್ತು ನಿಮಿಷ ಬಿಟ್ಟು ನೋಡಿದೆ, ಹನ್ನೆರಡು. ಅವನು ಬಾಗಿಲ ಕಡೆ ತಿರುಗಿ ಮಂಡಿಯವರ ಜೊತೆ ಹರಟುತ್ತಿದ್ದರೂ ಹನ್ನೆರಡೇ. “ನಮ್ ಭಾವ ಕುಲುಮೆ ಬಿಟ್ಟೋದ್ರು ಅಂತ ನಮ್ಮಪ್ಪಂಗೆ ಬಲೇ ಸಿಟ್ಟಿತ್ತು. ಈಗ ನೋಡು, ತಿದಿ ಅವರನ್ನ ಹುಡುಕ್ಕೊಂಡು ಬಂದೈತೆ” ಅಂದ.

ಮಧ್ಯಾಹ್ನದ ಹೊತ್ತಿಗೆ ನಾನು ಇನ್ನೊಂದು ತಪ್ಪು ಮಾಡಿದೆ. ಎದೆಯಲ್ಲಿ ನೀರು ಆಡುತ್ತಿದೆಯಲ್ಲ, ಕೂರಿಸಿದರೆ ಉಸಿರಾಟ ಹಗುರಾದೀತು ಎಂದು ಡಾಕ್ಟರಮ್ಮ ಕೈ ತೊಳೆಯಲು ಹೋದಾಗ ಬೆನ್ನ ಹಿಂದೆ ಎರಡು ದಿಂಬು ಇಟ್ಟೆ. ನಾಡಿ ಬೆರಳಿನಡಿ ದಾರದಷ್ಟು ಸಣ್ಣಗಾಗಿ ಜಾರಿಹೋಯಿತು. ಒತ್ತಡದ ಪಾದರಸ ಕೆಳಗೆ ಹೋಗಿ ಕೂತಿತು. ಡಾಕ್ಟರಮ್ಮ ಓಡಿಬಂದು ದಿಂಬು ಕಿತ್ತೆಸೆದರು. ಪಾದದ ಕಡೆಯ ಮಂಚದ ಕಾಲುಗಳಡಿ ಇಟ್ಟಿಗೆ ಇಡಿಸಿದರು, ಸಲೈನ್ ಜೋರು ಮಾಡಿದರು.

“ರಕ್ತನಾಳ ಎಲ್ಲಾ ಬಿಚ್ಚಿದ ಲಾಡಿ ಥರ ಸಡಿಲ ಆಗಿವೆ. ಅದೂ ಅಫೀಮಿನ ಕೆಲಸವೇ. ಕೂರಿಸಿದ್ರೆ ರಕ್ತ ಎಲ್ಲಾ ಕಾಲಿಗೆ ಇಳಿಯತ್ತೆ, ಗುಂಡಿಗೆಗೆ ವಾಪಸು ಏನು ಬರಬೇಕು? ಇವತ್ತಿಗೆ ನಿನ್ನ ಸ್ವಂತ ಬುದ್ಧಿ ಸಾಕು.”

“ಸಾಕು ಅಮ್ಮಾ” ಅಂದೆ. ಮನಃಪೂರ್ವಕವಾಗಿ ಅಂದೆ.

ನಾಡಿ ನಿಧಾನವಾಗಿ ತುಂಬಿಕೊಂಡಿತು. ಒಂದು ಗಂಟೆಯ ಹೊತ್ತಿಗೆ ಎದೆಯ ಚರಚರ ಸದ್ದು ಬೆನ್ನಿನ ಕೆಳಭಾಗದಲ್ಲಿ ಮಾತ್ರ ಉಳಿದಿತ್ತು. ಕಮ್ಮಾರ ಕೈ ಬದಲಿಸಿದನೇ ಹೊರತು ಏಳಲಿಲ್ಲ. ಅವನ ಅಕ್ಕ ಅವನ ಬಾಯಿಗೆ ಬಾಳೆಹಣ್ಣು ತಿನ್ನಿಸಿದರು.

ಎರಡಕ್ಕೆ ಹತ್ತು ನಿಮಿಷವಿರುವಾಗ ಬೀದಿಯಲ್ಲಿ ಬಸ್ಸಿನ ಹಾರನ್ನು. ಡ್ರೈವರ್ ನಿಲ್ದಾಣಕ್ಕೂ ಹೋಗದೆ ನೇರ ಶಾಪಿನ ಮುಂದೆ ತಂದು ನಿಲ್ಲಿಸಿದ್ದ. ಕಂಡಕ್ಟರ್ ಹತ್ತಿಯಲ್ಲಿ ಸುತ್ತಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದ. ಕಿಟಕಿಗಳಲ್ಲೆಲ್ಲ ತಲೆಗಳು. “ದಾರೀಲಿ ಕೈ ಅಡ್ಡ ಹಾಕಿದೋರನ್ನೆಲ್ಲ ಬಿಟ್ಟು ಬಂದಿದೀವಿ. ನಿಮ್ಮ ರೋಗಿ ಏನಾದ್ರೂ ಬದುಕ್ಲಿಲ್ಲ ಅಂದ್ರೆ ಆ ಜನ ನಮ್ಮನ್ನ ಬದುಕಕ್ಕೆ ಬಿಡಲ್ಲ” ಅಂದ.

ಡಾಕ್ಟರಮ್ಮ ಮದ್ದನ್ನು ಒಟ್ಟಿಗೆ ಕೊಡದೆ ಸ್ವಲ್ಪ ಸ್ವಲ್ಪವೇ ಬಿಟ್ಟರು. ಮೊದಲು ಉಸಿರು ಎಂಟಾಯಿತು. ಆಮೇಲೆ ಹನ್ನೆರಡು. ಪಾಪೆ ಅಗಲವಾಯಿತು. ಕಮ್ಮಾರನಿಗೆ ಕೈ ತೆಗೆ ಅಂದರು. ಅವನು ಚೀಲ ಬಿಟ್ಟ. ಎದೆ ತಾನಾಗಿಯೇ ಎದ್ದಿತು. ಎಲ್ಲರೂ ಅದನ್ನೇ ನೋಡುತ್ತಿದ್ದೆವು.

ಆಗ ಯಜಮಾನರು ಕೆಮ್ಮಿದರು.

ಬರೀ ಕೆಮ್ಮಲ್ಲ, ಮಂಚ ಅಲುಗುವಂಥ ಕೆಮ್ಮು. ಡಾಕ್ಟರಮ್ಮ ಚಪ್ಪಾಳೆ ತಟ್ಟಿ, “ಕೆಮ್ಮಲಿ, ಕೆಮ್ಮಲಿ, ಅದು ಸತ್ತಿತ್ತು, ಈಗ ಎದ್ದಿದೆ. ಎದೇಲಿರೋದೆಲ್ಲ ಅದೇ ಹೊರಗೆ ಹಾಕತ್ತೆ” ಅಂದರು. ಅವರ ಹೆಂಡತಿ ಗಂಡನ ಬೆನ್ನು ತಟ್ಟುತ್ತ, “ಕೆಮ್ಮಿ, ಇನ್ನೊಂದ್ಸಲ ಕೆಮ್ಮಿ, ರಾತ್ರಿಯೆಲ್ಲ ಕೆಮ್ಮಿ” ಎಂದು ಬಿಕ್ಕಿ ಬಿಕ್ಕಿ ಅತ್ತರು.

ಯಜಮಾನರು ಸುತ್ತ ನೋಡಿದರು. “ಆ ಲಾಟು ಯಾರಿಗೋಯ್ತು?”

“ನಿಂಗೇ ಭಾವಾ, ಇಪ್ಪತ್ತೆರಡಕ್ಕೆ. ಬಿಟ್ಟುಕೊಡೋ ಹಂಗಿಲ್ಲ” ಅಂದ ಕಮ್ಮಾರ.

ಆ ಮದ್ದು ಇಳಿದಾಗಲೆಲ್ಲ ಮತ್ತೆ ಕೊಡುತ್ತ ಮರುದಿನದವರೆಗೆ ಅವರನ್ನು ಅಲ್ಲೇ ಇಟ್ಟುಕೊಂಡೆವು. ಮರುದಿನ ಅವರನ್ನು ಕಳಿಸಿದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದರು. ಕೆಲಸ ಬಿಡಿಸುತ್ತಾರೆ ಎಂದು ಶಾಪಿನ ಬೀಗದ ಕೈ ಹಿಡಿದೇ ಹೋಗಿದ್ದೆ.

“ನಿನ್ನ ಕಳಿಸಿದ್ರೆ ಇನ್ನೊಂದು ಶಾಪಿಗೆ ಹೋಗಿ ಅಲ್ಲೂ ಯಾರಿಗೋ ಗಟ್ಟೀದು ಕೊಡ್ತೀಯ. ಇಲ್ಲೇ ಇರು, ನನ್ನ ಕಣ್ಣಮುಂದೆ. ಇವತ್ತಿಂದ ಆ ಕಂದು ಬಾಟ್ಲಿ ನನ್ನ ಬೀರುವಿನಲ್ಲಿರತ್ತೆ. ನಿನ್ನ ಕಿಟಕಿಗೆ ಬರೋದು ನೀರು ಬೆರೆಸಿದ್ದೇ.” ಆಮೇಲೆ ಹೇಳಿದರು, “ಅವರ ಮನೆಯವರಿಗೆ ನೀನೇ ಹೋಗಿ ಹೇಳ್ಬೇಕು. ನಾನು ಹೇಳಿದ್ರೆ ಅದು ನನ್ನ ಮಾತಾಗತ್ತೆ.”

ಹೂಂ ಅಂದೆ. ಹೋಗಲಿಲ್ಲ. ಕೇಳಿದವರಿಗೆಲ್ಲ “ಔಷಧಿ ಮೈಗೆ ಒಗ್ಗಲಿಲ್ಲ” ಎಂದು ಹೇಳಿಕೊಂಡು ಮೂರು ವಾರ ತಳ್ಳಿದೆ.

ಮೂರು ವಾರದ ಮೇಲೆ ಯಜಮಾನರು ಕಿಟಕಿಗೆ ಬಂದರು. ಮುಖ ಸಪ್ಪಗಿತ್ತು.

“ಮತ್ತೆ ಕೆಮ್ಮಾ ಯಜಮಾನ್ರೆ?”

“ಕೆಮ್ಮು ವಾಸಿ. ಮನೇಲಿ ಬೇರೆ ಕಾಯಿಲೆ. ನಮ್ಮಾಕೆ ಬೈಯೋದು ಬಿಟ್ಬಿಟ್ಟವಳೆ ಕಣಯ್ಯ.”

“ಒಳ್ಳೇದಲ್ವಾ?”

“ಒಳ್ಳೇದಾ? ನಿನ್ನೆ ಸಾರಿಗೆ ಉಪ್ಪಿಲ್ಲ ಅಂದೆ. ಹೌದಾ ಅಂತ ಉಪ್ಪು ತಂದಿಟ್ಲು. ಕೆಸರುಗಾಲಲ್ಲಿ ಒಳಗೆ ಬಂದೆ, ಒರೆಸಿಕೊಂಡು ಹೋದ್ಲು. ಮೂವತ್ತೈದು ವರ್ಷದಲ್ಲಿ ಇಂಥಾ ಅನಾಹುತ ಕಂಡಿಲ್ಲ. ಯಾರದೋ ಮನೇಲಿ ಬಾಡಿಗೆಗೆ ಇದ್ದಂಗೆ ಆಗೈತೆ. ಕೇಳಿದ್ರೆ, ನನ್ ಬಾಯಿ ಕೆಟ್ಟದ್ದು, ಅಂದಿದ್ದು ಆಗ್ಬಿಡ್ತದೆ ಅಂತಾಳೆ. ಡಾಕ್ಟರಮ್ಮನ್ನ ಕೇಳಿ ಏನಾನ ಮಾತ್ರೆ ಐತಾ ನೋಡು.”

ಬೆಂಚಿನವರು ನಕ್ಕರು. ಈ ಸಲ ನನ್ನಿಂದ ನಗಲಾಗಲಿಲ್ಲ. ಕಿಟಕಿ ಮುಚ್ಚಿ, ಡಾಕ್ಟರಮ್ಮನಿಗೆ ಹೇಳಿ, ಅವರ ಜೊತೆಗೇ ಹೊರಟೆ.

ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. “ಬನ್ನಿ ಕಾಂಪೌಂಡ್ರೇ” ಎಂದು ಚಾಪೆ ಸರಿಸಿದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕಂದು ಬಾಟಲಿ, ಏಳು ಪಾಲು ನೀರು, ಬೆಂಚಿನವರ ನಗು, ನನ್ನ ಜಂಬ. ಅವರ ಕೈ ಕಾಯಿಯ ಮೇಲೇ ನಿಂತಿತು.

“ಅಂಗಾದ್ರೆ ನನ್ನ ಬಾಯಿಂದ ಆಗಿದ್ದಲ್ವಾ?”

“ಅಲ್ಲ ಅಕ್ಕ. ನನ್ನ ಕೈಯಿಂದ.”

ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. ಆಮೇಲೆ ಶುರುವಾಯಿತು. ನನ್ನ ಕೈ, ನನ್ನ ಕತ್ತರಿ, ನನ್ನ ಹತ್ತನೇ ತರಗತಿ, ನನಗೆ ಪಾಠ ಹೇಳಿದ ಮೇಷ್ಟರು, ಯಾರನ್ನೂ ಬಿಡಲಿಲ್ಲ. ಕನ್ನಡ ಸಾಲದೆ ತೆಲುಗಿಗೆ ಹೋದರು. ಎದುರು ಮನೆಯವರು ಬಾಗಿಲಿಗೆ ಬಂದರು. ಮೂರು ವಾರ ಕೂಡಿಟ್ಟ ಮಾತು, ಒಂದೂ ವ್ಯರ್ಥವಾಗಲಿಲ್ಲ. ನನ್ನದು ಮುಗಿದ ಮೇಲೆ ಗಂಡನ ಕಡೆ ತಿರುಗಿದರು.

“ಇನ್ನು ಇವರು. ಗಟ್ಟೀದು ಬೇಕಿತ್ತಾ ಗಟ್ಟೀದು? ಅಷ್ಟು ಗಟ್ಟಿ ಬೇಕಾದ್ರೆ ಗೋಡೆ ನೆಕ್ಕಬೇಕಿತ್ತು. ಅವನು ಕೊಟ್ಟ, ಇವರು ಕುಡಿದ್ರು, ಮೂರು ವಾರ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಆ ಕಾಲು ತೊಳ್ಕೊಂಡು ಒಳಗೆ ಬರಕ್ಕೇನು ಧಾಡಿ?”

ಯಜಮಾನರು ಹೊಸಿಲ ಮೇಲೆ ಕೂತು, ಒಳ್ಳೆಯ ಬೆಲೆ ಕೂಗಿಸಿದವರ ಹಾಗೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನಗೆ ಮೆಲ್ಲಗೆ, “ಗುಣ ಆಯ್ತು ಕಣಯ್ಯ” ಅಂದರು.

ಬೈಗುಳ ಮುಗಿದ ಮೇಲೆ ಕಾಫಿ ಬಂತು. ಹೊರಡುವಾಗ ಆಕೆ ಸುಲಿದ ಅವರೆಕಾಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಕೊಡುತ್ತಾ ಕೇಳಿದರು:

“ಆವತ್ತು ನಾನು ಬಾಯಿ ಬಡ್ಕೊಂಡು ಅಳ್ತಾ ಇದ್ನಲ್ಲ. ಆಗ್ಲೇ ನಿಂಗೆ ಗೊತ್ತಿತ್ತಾ?”

“ಇಲ್ಲ ಅಕ್ಕ. ನೊರೆ ಬಂದ ಮೇಲೇ ಹೊಳೀತು. ಹೊಳೆದ ತಕ್ಷಣ ಹೇಳಿದೆ.”

“ಹೋಗ್ಲಿ ಬಿಡು. ತಕ್ಷಣ ಹೇಳಿದ್ಯಲ್ಲ, ಅದ್ರಿಂದ ಉಳ್ಕೊಂಡ್ರು” ಎಂದು ಇನ್ನೊಂದು ಹಿಡಿ ಕಾಳು ಸೇರಿಸಿದರು.

ಮನೆಯಲ್ಲಿ ಆ ಕಾಳಿನ ಸಾರನ್ನು ಎಲ್ಲರೂ ಹೊಗಳಿ ಉಂಡರು. ನಾನೂ ಉಂಡೆ. ಯಜಮಾನರು ಮುಂದೆ ಎಷ್ಟೋ ವರ್ಷ ಹರಾಜು ಕೂಗಿದರು. ಆಕೆ ಅವರಿಗಿಂತಲೂ ಹೆಚ್ಚು ಕಾಲ ಇದ್ದರು. ಬೀದಿಯಲ್ಲಿ ಸಿಕ್ಕಾಗಲೆಲ್ಲ, ತಕ್ಷಣ ಹೇಳಿ ಗಂಡನನ್ನು ಉಳಿಸಿದ ಕಾಂಪೌಂಡರ್ ಎಂದೇ ನನ್ನನ್ನು ಜೊತೆಯವರಿಗೆ ತೋರಿಸುತ್ತಿದ್ದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಜನ ಅದನ್ನು ವಿನಯ ಅಂದುಕೊಂಡರು.

ಗೊತ್ತಿತ್ತು ಅಕ್ಕ. ಸೋಂಪಿನ ವಾಸನೆ ಬಂದಾಗಲೇ ಗೊತ್ತಿತ್ತು. ಹತ್ತು ನಿಮಿಷ ಸುಮ್ಮನಿದ್ದೆ, ನೀವು ಅಳುವುದನ್ನು ಕೇಳಿಯೂ. ಇದನ್ನು ಹೇಳುವ ಹೊತ್ತಿಗೆ ಬೈಯುವುದಕ್ಕೆ ನೀವಿಲ್ಲ.